ಕನ್ನಡ ಪದಪಟ್ಟಿಲಿ ಒಂದೇ ಪದದ ಬೇರೆ ಬೇರೆ ಕಾಗುಣಿತ ಹಿಡಿಯೋಕೆ ಯಾವ ವಿಧಾನ ಸರಿ?

ಪದಗುಡ್ಡೆ

ನಮಸ್ಕಾರ ಎಲ್ರಿಗೂ. ಹಳೇ ಲೇಖನ, ಪತ್ರಿಕೆ ಬರಹ, ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಿಂದ ಅಕ್ಷರ ಓದೋ ಸಾಫ್ಟ್‌ವೇರ್) ಹಾಕಿದ ಪುಟ, ಹೀಗೆ ನಾಲ್ಕು ಕಡೆಯಿಂದ ಒಟ್ಟು ಮಾಡಿದ ಪದಪಟ್ಟಿ ಇದೆ ನನ್ ಹತ್ರ. ಸುಮಾರು ಎರಡು ಲಕ್ಷ ಬೇರೆ ಬೇರೆ ಪದ, ಯಾವ ಪದ ಎಷ್ಟು ಸಲ ಬಂದಿದೆ ಅನ್ನೋ ಎಣಿಕೆನೂ ಇದೆ. ಬೇರೆ ಬೇರೆ ಅಂದೆ, ಆದ್ರೆ ಬಹಳಷ್ಟು ನಿಜಕ್ಕೂ ಬೇರೆ ಅಲ್ಲ, ಅದೇ ತೊಂದರೆ. ಸಂಸ್ಕೃತಿ, ಸಂಸ್ಕ್ರುತಿ, ಸಂಸ್ಕ್ರತಿ ಮೂರೂ ಇದೆ. ಆಫೀಸ್, ಆಫೀಸು, ಆಪೀಸು ಇದೆ. ಸಂಪತ್ತು, ಸಮ್ಪತ್ತು ಇದೆ. ಋಷಿ ಒಂದ್ ಕಡೆ, ರುಷಿ ಇನ್ನೊಂದ್ ಕಡೆ.

ಇವನ್ನೆಲ್ಲ ಗುಂಪು ಮಾಡ್ಬೇಕು, ಯಾವುದು ಸರಿ ಅಂತ ತೀರ್ಮಾನ ಆಮೇಲೆ. ಎಲ್ಲಾ ಪದನ ಎಲ್ಲಾ ಪದದ ಜೊತೆ ಹೋಲಿಸೋಣ ಅಂದ್ರೆ ಎರಡು ಲಕ್ಷಕ್ಕೆ 2000 ಕೋಟಿ ಜೋಡಿ ಆಗತ್ತೆ, ನನ್ ಲ್ಯಾಪ್‌ಟಾಪ್ ಕಣ್ಣು ಬಿಡತ್ತೆ. ಲೆವೆನ್‌ಸ್ಟೈನ್ ಗೊತ್ತು, ಸೌಂಡೆಕ್ಸ್ ಹೆಸರು ಕೇಳಿದೀನಿ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಟ್ರೈಗ್ರಾಮ್ (ಪದನ ಮೂರು ಮೂರರ ತುಂಡು ಮಾಡಿ ಹೋಲಿಸೋದು) ಚೂರು ಬಳಸಿದೀನಿ. ಕನ್ನಡಕ್ಕೆ ಇದ್ರಲ್ಲಿ ಯಾವ್ದು ಕೆಲಸ ಮಾಡತ್ತೆ? ಮಾಡಿ ನೋಡಿದೋರು ಹೇಳಿ ಪ್ಲೀಸ್.

ಸೊನ್ನೆಒಂದು

ಲೆವೆನ್‌ಶ್ಟೀನ್ ದೂರ ಸಾಕು ಗುರು. ಸೇರಿಸು, ತೆಗಿ, ಬದಲಿಸು, ಈ ಮೂರರಲ್ಲಿ ಕಡಿಮೆ ಅಂದ್ರೆ ಎಷ್ಟು ಹೆಜ್ಜೆ ಬೇಕು ಅಂತ ಎಣಿಸೋದು. 1965ರಿಂದ ಇದೆ. ಅದಕ್ಕೂ ಒಂದ್ ವರ್ಷ ಮುಂಚೆ ಡ್ಯಾಮರೋ ಅನ್ನೋರು, ತಾವು ನೋಡಿದ ಕಾಗುಣಿತದ ತಪ್ಪುಗಳಲ್ಲಿ ಹತ್ರ ಹತ್ರ 80 ಶೇಕಡಾ ಒಂದೇ ಹೆಜ್ಜೆ ತಪ್ಪು ಅಂತ ಬರೆದಿದ್ರು, ಪಕ್ಕಪಕ್ಕದ ಎರಡು ಅಕ್ಷರ ಅದಲುಬದಲು ಆಗೋದೂ ಸೇರಿ. ದೂರ 1 ಇಟ್ಕೋ, ಉದ್ದ ಪದಕ್ಕೆ 2, ಮುಗೀತು. ವೇಗಕ್ಕೆ ಸಿಮ್‌ಸ್ಪೆಲ್ ಅನ್ನೋ ಕಾಗುಣಿತ ತಿದ್ದೋ ಲೈಬ್ರರಿ ನೋಡು, ನಿನ್ ಎರಡು ಲಕ್ಷ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಹಳೆಬೇರು

@ಸೊನ್ನೆಒಂದು ಆ 80 ಶೇಕಡಾ ಇಂಗ್ಲಿಷ್ ಪದಗಳದ್ದು ಸರ್. ಕನ್ನಡಕ್ಕೆ ಹಾಗೇ ಎತ್ತಿ ಇಟ್ರೆ ಏನಾಗತ್ತೆ ನೋಡಿ. ಪದಗುಡ್ಡೆಯವರ ಮೊದಲ ಉದಾಹರಣೆನೇ ತಗೊಳಿ. ಸಂಸ್ಕೃತಿ ಯೂನಿಕೋಡ್‌ನಲ್ಲಿ ಎಂಟು ಸಂಕೇತ: ಸ, ಸೊನ್ನೆ, ಸ, ಹಲಂತ (ವ್ಯಂಜನದಲ್ಲಿ ಅ ಇಲ್ಲ ಅನ್ನೋ ಗುರುತು), ಕ, ಋ ಚಿಹ್ನೆ, ತ, ಇ ಚಿಹ್ನೆ. ಸಂಸ್ಕ್ರುತಿ ಹತ್ತು ಸಂಕೇತ. ಆ ಒಂದು ಋ ಚಿಹ್ನೆ ಜಾಗದಲ್ಲಿ ಹಲಂತ, ರ, ಉ ಚಿಹ್ನೆ ಮೂರು ಬಂದು ಕೂತಿವೆ. ಅಂದ್ರೆ ಒಂದು ಬದಲಿಕೆ, ಎರಡು ಸೇರಿಕೆ, ದೂರ 3. ಓದೋರ ಕಿವಿಗೆ ವ್ಯತ್ಯಾಸನೇ ಇಲ್ಲದ ಎರಡು ರೂಪ ನಿಮ್ಮ ಮಿತಿಯಿಂದ ಆಚೆ ಹೋಯ್ತು. ಅದೇ ಕಲೆ ಮತ್ತೆ ಕಳೆ ದೂರ 1. ಬಲೆ, ಬಳೆ ದೂರ 1. ಬಿಡು, ಬೀಡು ದೂರ 1. ಒಂದಾಗಬೇಕಿದ್ದವು ದೂರ, ಬೇರೆ ಇರಬೇಕಿದ್ದವು ಹತ್ತಿರ.

ಲ್ಯೂಸೀನ್ ಅನ್ನೋ ಹುಡುಕಾಟದ ಲೈಬ್ರರಿ ಬಳಸೋರೂ ಇದನ್ನ ಗಮನಿಸಿ, ಅದರ ಫಜಿ (ಸ್ವಲ್ಪ ತಪ್ಪಿದ್ರೂ ಹಿಡಿಯೋ) ಹುಡುಕಾಟ ಎರಡು ಹೆಜ್ಜೆಗಿಂತ ಮುಂದೆ ಹೋಗಲ್ಲ, ಹೆಜ್ಜೆ ಎಣಿಸೋದೂ ಯೂನಿಕೋಡ್ ಸಂಕೇತದಲ್ಲೇ. ಸಂಸ್ಕೃತಿ ಅಂತ ಹುಡುಕಿದ್ರೆ ಸಂಸ್ಕ್ರುತಿ ಬರಲ್ಲ.

ಸೊನ್ನೆಒಂದು

ಹಾಗಿದ್ರೆ ಸಂಕೇತದ ಬದಲು ಅಕ್ಷರ ಎಣಿಸಿ. ಸಂ, ಸ್ಕೃ, ತಿ. ಸಂ, ಸ್ಕ್ರು, ತಿ. ದೂರ 1. ಸಮಸ್ಯೆ ಎಲ್ಲಿದೆ?

ಬಯಲುಮಾತು

ಸಮಸ್ಯೆ ನಮ್ ಕಡೆ ಮಾತ್ನಾಗ ಐತ್ರಿ. ನಾನು ಆಡುಮಾತಿನ ಬರಹ ಒಟ್ಟು ಮಾಡಾಕತ್ತೀನಿ, ಕತಿ, ಸಂಭಾಷಣಿ, ಚಾಟ್ ಎಲ್ಲಾ. ಮಾಡುತ್ತೇನೆ ಅನ್ನೋದು ಮಾಡ್ತೀನಿ ಆಗತೈತಿ, ಮಾಡ್ತೇನಿ ಆಗತೈತಿ. ಅಕ್ಷರ ಅಂತ ಒಡದ್ರ ಮಾ-ಡು-ತ್ತೇ-ನೆ ಒಂದ್ ಕಡೆ, ಮಾ-ಡ್ತೀ-ನಿ ಇನ್ನೊಂದ್ ಕಡೆ. ಮೊದಲಿನ ಮಾ ಒಂದು ಬಿಟ್ರ ಉಳಿದದ್ದೆಲ್ಲಾ ಬ್ಯಾರೆ, ದೂರ 3, ಅದೂ ನಾಕ್ ಅಕ್ಷರದ ಪದದಾಗ. ಡ್ತೀ ಒಳಗ ತ ಐತಿ ಅನ್ನೂದು ಅದಕ್ಕ ಕಾಣೂದ ಇಲ್ಲ. ತ್ತೇ ಮತ್ತ ಡ್ತೀ ಎಷ್ಟು ಬ್ಯಾರೆನೋ, ತ್ತೇ ಮತ್ತ ಹೂ ಅಷ್ಟ ಬ್ಯಾರೆ ಅದರ ಲೆಕ್ಕದಾಗ.

ಹಳೆಬೇರು

ಬಯಲುಮಾತು ಅವರು ಹೇಳಿದ್ದು ಸರಿಯಾಗಿದೆ. ಅಳತೆಗೋಲು ಯಾವ್ದು ಅನ್ನೋದಕ್ಕಿಂತ ಏನನ್ನ ಎಣಿಸ್ತೀವಿ ಅನ್ನೋದು ಮೊದಲು ತೀರ್ಮಾನ ಆಗ್ಬೇಕು, ಇದನ್ನ ಬಿಟ್ಟು ಎಲ್ರೂ ಅಲ್ಗಾರಿದಮ್ ಹಿಂದೆ ಓಡ್ತಾರೆ. ಸಂಕೇತ ಎಣಿಸಬಹುದು, ಅಕ್ಷರ ಎಣಿಸಬಹುದು, ಇಲ್ಲಾ ಧ್ವನಿ ಎಣಿಸಬಹುದು. ನನ್ನ ಮತ ಮೂರನೇದಕ್ಕೆ.

ಯಾಕೆ ಅಂದ್ರೆ ನಮ್ಮ ಲಿಪಿಯಲ್ಲಿ ವ್ಯಂಜನದ ಒಳಗೇ ಅ ಅಡಗಿರತ್ತೆ. ಮರ ಅಂದ್ರೆ ಮ್+ಅ+ರ್+ಅ. ಸಂಕೇತದ ಲೆಕ್ಕದಲ್ಲಿ ಮರ ಹೋಗಿ ಮರಿ ಆದ್ರೆ ಏನೋ ಒಂದು ಸೇರಿದಂಗೆ ಕಾಣತ್ತೆ, ಮರು ಹೋಗಿ ಮರಿ ಆದ್ರೆ ಬದಲಾದಂಗೆ ಕಾಣತ್ತೆ. ಎರಡರಲ್ಲೂ ನಡೆದಿರೋದು ಕೊನೇ ಸ್ವರ ಬದಲಾಗಿರೋದು ಅಷ್ಟೇ. ಇನ್ನೂ ವಿಚಿತ್ರ ಅಂದ್ರೆ ಕಮಲ ಹೋಗಿ ಕಮ್ಲ ಆದಾಗ ಮಾತಿನಲ್ಲಿ ಒಂದು ಅ ಬಿದ್ದುಹೋಗಿದೆ, ಆದ್ರೆ ಕಂಪ್ಯೂಟರ್‌ಗೆ ಒಂದು ಹಲಂತ ಹೆಚ್ಚಾಗಿದೆ. ಎಲ್ಲಾ ಹೆಜ್ಜೆಗೂ ಒಂದೇ ಬೆಲೆ ಇದ್ದಾಗ ಇದು ಅಷ್ಟೇನೂ ಕಾಡಲ್ಲ, ಒಂದೊಂದು ಬದಲಾವಣೆಗೆ ಒಂದೊಂದು ಬೆಲೆ ಕಟ್ಟೋಕೆ ಹೊರಟಾಗ ಪೂರ್ತಿ ತಲೆಕೆಳಗು.

ಬಿಡಿಸಿ ಬರೆಯೋದು ಕಷ್ಟ ಏನಲ್ಲ. ವ್ಯಂಜನದ ಮುಂದೆ ಸ್ವರಚಿಹ್ನೆನೂ ಇಲ್ಲ ಹಲಂತನೂ ಇಲ್ಲ ಅಂದ್ರೆ ಅ ಸೇರಿಸು, ಹಲಂತ ಇದ್ರೆ ಅದನ್ನ ತೆಗಿ, ಚಿಹ್ನೆ ಇದ್ರೆ ಪೂರ್ಣ ಸ್ವರ ಮಾಡು. ಇಪ್ಪತ್ತು ಸಾಲು ಕೋಡ್ ಆಗತ್ತೆ.

ಪದಗುಡ್ಡೆ

ಇದು ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಒಂದು ಪ್ರಶ್ನೆ, ಪೈಥಾನ್‌ನಲ್ಲಿ ಪದ ಒಡೆಯೋವಾಗ್ಲೇ ನಂಗೆ ಕನ್ನಡ ಅನ್ನೋ ಪದ ಕನ, ನಡ ಅಂತ ಎರಡು ತುಂಡಾಗಿ ಬರ್ತಿದೆ. ಇದೇನು?

ಕೀಲಿಮಣೆ

ಪೈಥಾನ್ ಜೊತೆ ಬರೋ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಪದದ ಅಕ್ಷರ ಅನ್ನೋ ಗುರುತು ಇದ್ಯಲ್ಲ, ಅದು ಸ್ವರಚಿಹ್ನೆ ಹಲಂತ ಇವನ್ನ ಅಕ್ಷರ ಅಂತ ಒಪ್ಪಲ್ಲ, ಅಲ್ಲೇ ಕತ್ತರಿಸತ್ತೆ. ಬೇರೆ ಇನ್‌ಸ್ಟಾಲ್ ಮಾಡ್ಕೊಳೋ ರೆಜೆಕ್ಸ್ ಲೈಬ್ರರಿ ಬಳಸಿ, ಇಲ್ಲಾಂದ್ರೆ ಕನ್ನಡದ ಯೂನಿಕೋಡ್ ವ್ಯಾಪ್ತಿನ ನೀವೇ ಬರೆದುಕೊಡಿ. ನಿಮ್ಮ ಪಟ್ಟಿ ಹೀಗೆ ಒಡೆದೇ ತಯಾರಾಗಿದ್ರೆ ಮೊದಲಿಂದ ಮಾಡಿ, ಆ ತುಂಡುಗಳನ್ನ ಯಾವ ಅಲ್ಗಾರಿದಮ್ಮೂ ಅಂಟಿಸಲ್ಲ.

ಇನ್ನೊಂದು, ಹೋಲಿಕೆ ಗೀಲಿಕೆ ಎಲ್ಲಾ ಶುರು ಮಾಡೋಕೆ ಮುಂಚೆ ಪಠ್ಯ ತೊಳೀರಿ. ನಿಮ್ಮ ಪಟ್ಟಿಯ ಎಷ್ಟೋ ಜೋಡಿ ಕಾಗುಣಿತದ ವ್ಯತ್ಯಾಸವೇ ಆಗಿರಲ್ಲ, ಕಣ್ಣಿಗೆ ಒಂದೇ ಥರ ಕಾಣಿಸಿ ಒಳಗೆ ಬೇರೆ ಇರ್ತಾವೆ. ಸಾಫ್ಟ್‌ವೇರ್ ಅನ್ನೋದ್ರಲ್ಲಿ ಟ್ ಆದ್ಮೇಲೆ ಕಾಣದ ಒಂದು ಜೀರೋ ವಿಡ್ತ್ ನಾನ್ ಜಾಯಿನರ್ ಕೂತಿರತ್ತೆ, ಅದಿಲ್ದೆ ಬರೆದ್ರೆ ವ ಒತ್ತಕ್ಷರ ಆಗತ್ತೆ. ರ‍್ಯಾಂಕ್ ಬರೆಯೋಕೆ ರ ಪಕ್ಕ ಜೀರೋ ವಿಡ್ತ್ ಜಾಯಿನರ್ ಬೇಕು, ಇಲ್ಲಾಂದ್ರೆ ಅರ್ಕಾವೊತ್ತು ಬಂದುಬಿಡತ್ತೆ. ಹೋಲಿಸೋವಾಗ ಇವೆರಡನ್ನೂ ಕಿತ್ತು ಹಾಕಿ.

ದೀರ್ಘದ ಚಿಹ್ನೆ ಕೂಡ ನೋಡ್ಕೊಳಿ. ಕೀ ಅನ್ನೋದನ್ನ ಒಂದೇ ಸಂಕೇತದ ಈ ಚಿಹ್ನೆ ಹಾಕಿನೂ ಬರೀಬಹುದು, ಇ ಚಿಹ್ನೆ ಹಾಕಿ ಪಕ್ಕದಲ್ಲಿ ದೀರ್ಘದ ಗುರುತು ಬೇರೆ ಹಾಕಿನೂ ಬರೀಬಹುದು. ಏ, ಐ, ಒ, ಓ ಚಿಹ್ನೆಗಳಿಗೂ ಇದೇ ಕಥೆ. ಯೂನಿಕೋಡ್‌ನ ಎನ್‌ಎಫ್‌ಸಿ ಅನ್ನೋ ಸಾಮಾನ್ಯೀಕರಣ ಓಡಿಸಿದ್ರೆ ಇವೆಲ್ಲ ಒಂದಾಗತ್ತೆ.

ಎನ್‌ಎಫ್‌ಸಿಗೂ ಬಗ್ಗದ ಒಂದಿದೆ: ಅಂಕಿಯ ಸೊನ್ನೆ. ಕಂಪನಿ ಬರೆಯೋ ಬದಲು ಕ೦ಪನಿ ಅಂತ ಕನ್ನಡ ಅಂಕಿ ಸೊನ್ನೆನ ಅನುಸ್ವಾರದ ಜಾಗಕ್ಕೆ ಹಾಕಿರ್ತಾರೆ. ಈ ಎರಡರಲ್ಲಿ ಯಾವ್ದು ಯಾವ್ದು ಅಂತ ಬರೀ ಕಣ್ಣಲ್ಲಿ ಹೇಳಿ ನೋಡೋಣ. ಹಳೇ ಫಾಂಟ್ ಕಾಲದಿಂದ ಬಂದ ಅಭ್ಯಾಸ ಇರಬೇಕು, ಇವತ್ತಿಗೂ ಸಿಗತ್ತೆ. ಎರಡು ಅಕ್ಷರದ ನಡುವೆ ಅಂಕಿ ಸೊನ್ನೆ ಕಂಡ್ರೆ ಅನುಸ್ವಾರ ಮಾಡಿ, ಅಕ್ಕಪಕ್ಕ ಅಂಕಿ ಇದ್ರೆ ಮುಟ್ಟಬೇಡಿ.

ಪದಗುಡ್ಡೆ

ಅಂಕಿ ಸೊನ್ನೆ ಇರೋ ಪದ ಹುಡುಕಿದೆ, ರಾಶಿ ಸಿಕ್ತು ಮಾರಾಯ್ರೆ. ಅದ್ರಲ್ಲೂ ಒಂದೇ ಮೂಲದಿಂದ ಬಂದ ಫೈಲ್‌ನಲ್ಲೇ ಬಹುಪಾಲು.

ಜನಗಣತಿ_ಕೋಡು

ಸೌಂಡೆಕ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. 1918ರಲ್ಲಿ ಅಮೆರಿಕದಲ್ಲಿ ರಸೆಲ್ ಅನ್ನೋರು ಪೇಟೆಂಟ್ ತಗೊಂಡ ಐಡಿಯಾ, ಹೆಸರುಗಳ ಕಾರ್ಡನ್ನ ಉಚ್ಚಾರದ ಪ್ರಕಾರ ಜೋಡಿಸೋಕೆ. ಮೊದಲ ಅಕ್ಷರ ಹಾಗೇ ಇಟ್ಕೊಂಡು ಉಳಿದ ವ್ಯಂಜನಗಳನ್ನ ಆರು ಗುಂಪಿಗೆ ಹಾಕಿ ಮೂರು ಅಂಕಿ ಬರೆಯೋದು, ಸ್ವರ ಎಲ್ಲಾ ಬಿಟ್ಟುಬಿಡೋದು. ರಾಬರ್ಟ್, ರೂಪರ್ಟ್ ಎರಡಕ್ಕೂ ಒಂದೇ ಕೋಡ್, ಆರ್ 163. ಆಮೇಲೆ 1990ರಲ್ಲಿ ಇದೇ ಥರದ ಮೆಟಾಫೋನ್, 2000ದಲ್ಲಿ ಡಬಲ್ ಮೆಟಾಫೋನ್ ಬಂತು.

ಇವು ಯಾವ್ದೂ ಕನ್ನಡಕ್ಕೆ ನೇರ ಆಗಲ್ಲ, ಇಂಗ್ಲಿಷ್ ಅಕ್ಷರ ಮತ್ತು ಉಚ್ಚಾರದ ನಡುವಿನ ಜಗಳ ಬಿಡಿಸೋಕೆ ಹುಟ್ಟಿದವು. ಸ್ವರ ಬಿಟ್ಟುಬಿಡೋದಂತೂ ನಮಗೆ ಆಗೋದೇ ಇಲ್ಲ, ಕರು ಕಾರು ಕೆರೆ ಕೋರಿ ಎಲ್ಲಾ ಒಂದೇ ಚೀಲಕ್ಕೆ ಬೀಳತ್ತೆ. ಲಿಬ್‌ಇಂಡಿಕ್ ಅನ್ನೋ ಲೈಬ್ರರಿಲಿ ಭಾರತೀಯ ಭಾಷೆಗಳಿಗೆ ಅಂತಲೇ ಒಂದು ಸೌಂಡೆಕ್ಸ್ ಇದೆ, ಕನ್ನಡದ ಪದನೂ ಬೇರೆ ಲಿಪಿಯಲ್ಲಿ ಬರೆದ ಅದೇ ಪದನೂ ಒಂದೇ ಕೋಡ್‌ಗೆ ಬರೋ ಹಂಗೆ. ಲಿಪಿ ದಾಟೋ ಕೆಲಸಕ್ಕೆ ಚೆನ್ನಾಗಿದೆ. ಅಂದಹಾಗೆ ಯೂನಿಕೋಡ್‌ನಲ್ಲಿ ತೆಲುಗು ಕ ಮತ್ತೆ ಕನ್ನಡ ಕ ನಡುವೆ ಸರಿಯಾಗಿ 128 ಅಂತರ, ಉಳಿದ ವ್ಯಂಜನಗಳೂ ಹಂಗೇ ಸಾಲಾಗಿವೆ, ಇಸ್ಕಿ (ಯೂನಿಕೋಡ್‌ಗೂ ಮುಂಚಿನ ಭಾರತೀಯ ಲಿಪಿಗಳ ಸಂಕೇತ ಪದ್ಧತಿ) ಕಾಲದ ಜೋಡಣೆ ಹಾಗೇ ಮುಂದುವರಿದಿರೋದ್ರಿಂದ. ಲಿಪಿ ಬದಲಿಸೋಕೆ ಬರೀ ಕೂಡಿಸಿ ಕಳೆದ್ರೆ ಮುಕ್ಕಾಲು ಕೆಲಸ ಆಯ್ತು.

ನಾನು ಹೇಳೋಕೆ ಹೊರಟಿದ್ದು ಇದು: ಸೌಂಡೆಕ್ಸ್ ಬಿಡಿ, ಸೌಂಡೆಕ್ಸ್ ಹಿಂದಿನ ಉಪಾಯ ಇಟ್ಕೊಳಿ. ಪ್ರತಿ ಪದಕ್ಕೂ ಒಂದು ಒರಟು ಕೀಲಿ ಮಾಡಿ, ಒಂದೇ ಕೀಲಿ ಬಂದ ಪದಗಳನ್ನ ಮಾತ್ರ ಒಂದರ ಜೊತೆ ಒಂದು ಹೋಲಿಸಿ. 2000 ಕೋಟಿ ಜೋಡಿ ಅಲ್ಲೇ ಕರಗಿಹೋಗತ್ತೆ.

ಪದಗುಡ್ಡೆ

ಕೀಲಿಲಿ ಏನೇನು ಮಡಚ್ಬೇಕು?

ಹಳೆಬೇರು

ಎರಡು ಮಟ್ಟದ ಕೀಲಿ ಇಟ್ಕೊಳಿ ಅಂತೀನಿ. ಮೊದಲನೇದು ಮೃದು ಕೀಲಿ, ಅರ್ಥ ಕೆಡೋ ಭಯ ಹೆಚ್ಚುಕಡಿಮೆ ಇಲ್ಲದ್ದು ಮಾತ್ರ. ವರ್ಗದ ವ್ಯಂಜನದ ಹಿಂದಿನ ಅನುನಾಸಿಕ ಎಲ್ಲಾ ಅನುಸ್ವಾರಕ್ಕೆ, ಅಂದ್ರೆ ಅಙ್ಕ ಹೋಗಿ ಅಂಕ, ಸಮ್ಪತ್ತು ಹೋಗಿ ಸಂಪತ್ತು. ಆದ್ರೆ ಅನ್ನ, ಅಮ್ಮ ಇಂಥದ್ರ ಒತ್ತಕ್ಷರ ಮುಟ್ಟಬಾರದು. ಋ ಹೋಗಿ ರು. ಐ ಹೋಗಿ ಅಯ್, ಔ ಹೋಗಿ ಅವ್. ಷ ಹೋಗಿ ಶ. ಹಳೇ ಪಠ್ಯ ಇದ್ರೆ ಱ ಹೋಗಿ ರ, ೞ ಹೋಗಿ ಳ. ಈ ಕೀಲಿ ಒಂದೇ ಆಯ್ತು ಅಂದ್ರೆ ಬಹುತೇಕ ಕಣ್ಣುಮುಚ್ಚಿ ಗುಂಪು ಮಾಡಬಹುದು.

ಎರಡನೇದು ಒರಟು ಕೀಲಿ. ಇದ್ರಲ್ಲಿ ಮಹಾಪ್ರಾಣ ಅಲ್ಪಪ್ರಾಣ ಆಗತ್ತೆ, ಶ ಸ ಒಂದಾಗತ್ತೆ, ಫ ಪ ಒಂದಾಗತ್ತೆ, ದೀರ್ಘ ಹ್ರಸ್ವ ಆಗತ್ತೆ, ದ್ವಿತ್ವ ಒಂಟಿ ಆಗತ್ತೆ, ಕೊನೇ ಉ ಬಿದ್ದುಹೋಗತ್ತೆ. ಆಫೀಸ್, ಆಫೀಸು, ಆಪೀಸು ಮೂರೂ ಇಲ್ಲಿ ಸೇರತ್ತೆ. ಜೊತೆಗೆ ಬಿಡು, ಬೀಡು ಕೂಡ ಸೇರತ್ತೆ, ಹಳಿ, ಹಳ್ಳಿ ಕೂಡ. ಸೇರಲಿ. ಒರಟು ಕೀಲಿಯ ಕೆಲಸ ತೀರ್ಪು ಕೊಡೋದಲ್ಲ, ಯಾರ್ಯಾರನ್ನ ಕೋರ್ಟಿಗೆ ಕರೀಬೇಕು ಅಂತ ಹೇಳೋದು ಅಷ್ಟೇ.

ಲ ಳ, ನ ಣ ಇವನ್ನ ಒರಟು ಕೀಲಿಲೂ ಮಡಚಬೇಕಾ ಅನ್ನೋದ್ರಲ್ಲಿ ನನಗೆ ಹಿಂಜರಿಕೆ ಇದೆ. ಅಣ್ಣ ಅನ್ನ, ಹಳ್ಳಿ ಹಲ್ಲಿ, ಕಲೆ ಕಳೆ, ಇಂಥ ಜೋಡಿ ಕನ್ನಡದಲ್ಲಿ ತುಂಬ.

ಕೀಲಿಮಣೆ

ಮಡಚಲೇಬೇಕು ಸರ್, ಟೈಪ್ ಮಾಡೋರ ಬೆರಳು ನಿಮ್ಮ ವ್ಯಾಕರಣ ಕೇಳಲ್ಲ. ಕೆಜಿಪಿ ಕೀಬೋರ್ಡ್ ವಿನ್ಯಾಸದಲ್ಲಿ ಲ ಇರೋ ಕೀನೇ ಶಿಫ್ಟ್ ಒತ್ತಿದ್ರೆ ಳ, ನ ಇರೋ ಕೀ ಶಿಫ್ಟ್ ಒತ್ತಿದ್ರೆ ಣ, ಸ ಶಿಫ್ಟ್ ಒತ್ತಿದ್ರೆ ಶ, ಕ ಶಿಫ್ಟ್ ಖ, ಅ ಶಿಫ್ಟ್ ಆ. ಶಿಫ್ಟ್ ಸರಿಯಾಗಿ ಕೂರ್ಲಿಲ್ಲ ಅಂದ್ರೆ ಹೋಯ್ತು. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ವಿನ್ಯಾಸದಲ್ಲಿ ಇನ್ನೂ ಮಜಾ, ಅಲ್ಲಿ ಣ ಕೂತಿರೋದು ಮ ಕೀ ಮೇಲೆ, ಹಾಗಾಗಿ ಅಲ್ಲಿ ಜಾರಿದ್ರೆ ಣ ಹೋಗಿ ಮ ಆಗತ್ತೆ, ಯಾವ ಧ್ವನಿಶಾಸ್ತ್ರದಲ್ಲೂ ಸಿಗದ ಜೋಡಿ. ಓಸಿಆರ್ ಪುಟದಲ್ಲಿ ಮತ್ತೆ ಬೇರೆ ನಂಟು, ಅಲ್ಲಿ ದ ಧ ಥ, ಪ ಷ ಫ, ರ ಠ, ಒ ಬ ಅಣ್ಣತಮ್ಮಂದಿರು. ಕಿವಿಗೆ ಹತ್ತಿರ ಇರೋದು, ಬೆರಳಿಗೆ ಹತ್ತಿರ ಇರೋದು, ಕಣ್ಣಿಗೆ ಹತ್ತಿರ ಇರೋದು, ಮೂರೂ ಬೇರೆ ಬೇರೆ.

ಅದಕ್ಕೇ ಪದಗುಡ್ಡೆ, ಪಟ್ಟಿಯ ಪದ ಯಾವ ಮೂಲದಿಂದ ಬಂತು ಅನ್ನೋ ಗುರುತು ಇಟ್ಕೊಂಡಿದೀರಾ? ಇಟ್ಕೊಂಡಿದ್ರೆ ಓಸಿಆರ್ ಪದಕ್ಕೆ ಕಣ್ಣಿನ ಬೆಲೆಪಟ್ಟಿ, ಟೈಪ್ ಮಾಡಿದ್ದಕ್ಕೆ ಬೆರಳಿನ ಬೆಲೆಪಟ್ಟಿ ಬೇರೆ ಬೇರೆ ಕೊಡಬಹುದು.

ಪದಗುಡ್ಡೆ

ಮೂಲದ ಗುರುತು ಇದೆ, ಅದೃಷ್ಟಕ್ಕೆ.

ಸೊನ್ನೆಒಂದು

ಬೆಲೆಪಟ್ಟಿ ಅಂದ್ರಿ ಅಂತ ಒಂದು ಮಾತು. ಬೇಗ ಹುಡುಕೋಕೆ ಬಿಕೆ ಟ್ರೀ (ಪದಗಳನ್ನ ದೂರದ ಪ್ರಕಾರ ಮರದ ಥರ ಜೋಡಿಸಿಡೋದು) ಬಳಸೋ ಯೋಚನೆ ಇದ್ರೆ, 1973ರದ್ದು ಅದು, ಅದರ ಕೆಲಸ ಎಲ್ಲಾ ತ್ರಿಕೋನ ನಿಯಮದ ಮೇಲೆ ನಿಂತಿದೆ. ಒಂದರಿಂದ ಮೂರಕ್ಕೆ ನೇರ ಹೋಗೋ ದೂರ, ಎರಡರ ಮೇಲೆ ಬಳಸಿ ಹೋಗೋದಕ್ಕಿಂತ ಜಾಸ್ತಿ ಇರಬಾರದು. ಶ ಮತ್ತು ಷ ನಡುವೆ 0.2, ಷ ಮತ್ತು ಸ ನಡುವೆ 0.2 ಇಟ್ಟು, ಶ ಮತ್ತು ಸ ನಡುವೆ 1 ಇಟ್ರೆ ನಿಯಮ ಮುರೀತು, ಟ್ರೀ ಸದ್ದಿಲ್ದೆ ಪದಗಳನ್ನ ನುಂಗತ್ತೆ, ಎರರ್ ಕೂಡ ಬರಲ್ಲ.

ಅದಲುಬದಲು ಲೆಕ್ಕ ಹಾಕೋ ಲೈಬ್ರರಿಗಳಲ್ಲೂ ಇದೇ ಗುಂಡಿ ಇದೆ. ಕಚ, ಚಕ, ಚಮಕ ಅಂತ ಮೂರು ತಗೊಳಿ. ಕಚ ಇಂದ ಚಕ ಒಂದು ಅದಲುಬದಲು, 1. ಚಕ ಇಂದ ಚಮಕ ಒಂದು ಸೇರಿಕೆ, 1. ಆದ್ರೆ ಕಚ ಇಂದ ಚಮಕಕ್ಕೆ ಬಹಳ ಲೈಬ್ರರಿಗಳು 3 ಅನ್ನತ್ತೆ, ಯಾಕೆ ಅಂದ್ರೆ ಅವು ಬಳಸೋ ಸರಳ ರೂಪದಲ್ಲಿ ಒಂದ್ಸಲ ಅದಲುಬದಲು ಮಾಡಿದ ತುಂಡನ್ನ ಮತ್ತೆ ಮುಟ್ಟೋ ಹಂಗಿಲ್ಲ. ಪೂರ್ತಿ ಡ್ಯಾಮರೋ ಲೆವೆನ್‌ಶ್ಟೀನ್ ಆದ್ರೆ 2 ಬರತ್ತೆ.

ನಾನು ಸಿಮ್‌ಸ್ಪೆಲ್ ಅಂದಿದ್ದು ಸುಮ್ನೆ ಅಲ್ಲ. ಒಂದು ಪದಕ್ಕೆ ಒಂದು ಹೆಜ್ಜೆ ದೂರದ ಎಲ್ಲಾ ರೂಪ ಹುಟ್ಟಿಸಿ ನೋಡೋ ವಿಧಾನ ಇದ್ಯಲ್ಲ, ಅದು ಅಕ್ಷರಮಾಲೆ ದೊಡ್ಡದಾದಷ್ಟೂ ಉಬ್ಬತ್ತೆ. ಹತ್ತು ಅಕ್ಷರದ ಇಂಗ್ಲಿಷ್ ಪದಕ್ಕೆ 565 ರೂಪ, ಅದೇ ಚಿಹ್ನೆ ಎಲ್ಲಾ ಸೇರಿ 70 ಸಂಕೇತ ಅಂತ ಹಿಡಿದ್ರೆ ಕನ್ನಡಕ್ಕೆ 1489. ಸಿಮ್‌ಸ್ಪೆಲ್ ಬರೀ ಅಳಿಸತ್ತೆ, ಎರಡೂ ಕಡೆ. ಹತ್ತರ ಪದಕ್ಕೆ ಎರಡು ಹೆಜ್ಜೆವರೆಗೆ 10 ಮತ್ತೆ 45, ಒಟ್ಟು 55 ರೂಪ. ಅಕ್ಷರಮಾಲೆ ಎಷ್ಟು ದೊಡ್ಡದು ಅನ್ನೋದು ಅದಕ್ಕೆ ಬೇಕಾಗೇ ಇಲ್ಲ.

ಜನಗಣತಿ_ಕೋಡು

ಒಪ್ಪಿದೆ. ಹಳೆಬೇರು ಹೇಳಿದ ಧ್ವನಿ ರೂಪ, ಅದರ ಮೇಲೆ ಮೃದು ಕೀಲಿ, ಆ ಕೀಲಿಗಳ ಮೇಲೆ ನಿಮ್ಮ ಸಿಮ್‌ಸ್ಪೆಲ್. ಜಗಳ ಮುಗೀತಲ್ಲ. ಒಂದು ಗಮನಿಸಿದ್ರಾ, ಪದಗುಡ್ಡೆ ಲೆವೆನ್‌ಸ್ಟೈನ್ ಅಂತ ಬರೆದ್ರು, ಸೊನ್ನೆಒಂದು ಲೆವೆನ್‌ಶ್ಟೀನ್ ಅಂತಾರೆ. ಆ ಮನುಷ್ಯನ ಹೆಸರಿನ ಎರಡು ಕಾಗುಣಿತದ ನಡುವೆ ಅವರದೇ ದೂರ 2 😄

ಮೂರುಮೂರು

ಟ್ರೈಗ್ರಾಮ್ ಬಗ್ಗೆ ನಾನು ಹೇಳ್ತೀನಿ, ಸ್ವಲ್ಪ ಕಾಲ ಅದರ ಜೊತೆ ಬಡಿದಾಡಿದೀನಿ. ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಶನ್ ಪದದ ಮುಂದೆ ಎರಡು ಖಾಲಿ, ಹಿಂದೆ ಒಂದು ಖಾಲಿ ಸೇರಿಸಿ ಮೂರು ಮೂರರ ತುಂಡು ಮಾಡತ್ತೆ, ಎರಡಕ್ಕೂ ಸೇರಿದ ತುಂಡು ಎಷ್ಟು, ಒಟ್ಟು ಬೇರೆ ಬೇರೆ ತುಂಡು ಎಷ್ಟು ಅಂತ ಭಾಗಿಸತ್ತೆ. 0.3 ದಾಟಿದ್ರೆ ಹೋಲತ್ತೆ ಅನ್ನೋದು ಅದರ ಡಿಫಾಲ್ಟ್. ಇಂಡೆಕ್ಸ್ ಹಾಕಬಹುದು, ವೇಗ ಚೆನ್ನಾಗಿದೆ, ಇಷ್ಟು ಒಳ್ಳೇದು.

ಈಗ ಕನ್ನಡಕ್ಕೆ ಬನ್ನಿ. ಮನೆ ಮತ್ತು ಮನೇ, ನಾಲ್ಕು ನಾಲ್ಕು ತುಂಡು, ಎರಡು ಸೇರಿದ್ದು, ಒಟ್ಟು ಆರು, 0.33. ಮನೆಯಲ್ಲಿ ಮತ್ತು ಮನೆಯಿಂದ, ಒಂಬತ್ತು ಎಂಟು ತುಂಡು, ನಾಲ್ಕು ಸೇರಿದ್ದು, ಒಟ್ಟು ಹದಿಮೂರು, 0.31. ಒಂದು ಬರೀ ದೀರ್ಘದ ವ್ಯತ್ಯಾಸ, ಇನ್ನೊಂದು ಬೇರೆ ವಿಭಕ್ತಿ, ಟ್ರೈಗ್ರಾಮ್ ಕಣ್ಣಿಗೆ ಎರಡೂ ಒಂದೇ. ಪದದ ಹಿಂದೆ ಪ್ರತ್ಯಯ ಅಂಟಿಸ್ತಾ ಹೋಗೋ ಭಾಷೆ ನಮ್ಮದು, ಹಾಗಾಗಿ ಒಂದು ಮೂಲಪದದ ರೂಪಗಳೆಲ್ಲಾ ಗುಂಪಾಗಿ ಬರತ್ತೆ. ಅದೇ ಬೇಕು ಅನ್ನೋರಿಗೆ ಸುಖ, ಕಾಗುಣಿತದ ರೂಪಭೇದ ಬೇಕು ಅನ್ನೋರಿಗೆ ಕಸ.

ಜಾರೋ ವಿಂಕ್ಲರ್‌ದೂ ಇದೇ ಹಣೆಬರಹ. ಅಮೆರಿಕದ ಜನಗಣತಿ ದಾಖಲೆಗಳಲ್ಲಿ ವ್ಯಕ್ತಿ ಹೆಸರು ಹೊಂದಿಸೋಕೆ ಬೆಳೆದ ವಿಧಾನ, ಮೊದಲ ನಾಲ್ಕು ಅಕ್ಷರದವರೆಗೆ ಒಂದೇ ಇದ್ರೆ ಬೋನಸ್ ಕೊಡತ್ತೆ. ಹೆಸರಿನ ಶುರುವಲ್ಲಿ ಜನ ಕಡಿಮೆ ತಪ್ಪು ಮಾಡ್ತಾರೆ ಅನ್ನೋ ನಂಬಿಕೆ ಮೇಲೆ. ಕನ್ನಡದಲ್ಲಿ ಆ ಬೋನಸ್ ಪೂರ್ತಿ ಹೋಗೋದು ಮನೆಗೆ, ಮನೆಗಳು, ಮನೆಯವರು ಇವಕ್ಕೇ. ಊರ ಹೆಸರು, ಜನರ ಹೆಸರು ಹೊಂದಿಸೋಕೆ ಇಟ್ಕೊಳಿ, ಪದಪಟ್ಟಿಗೆ ಬೇಡ. ಪೈಥಾನ್ ಜೊತೆ ಬರೋ ಹೋಲಿಕೆಯ ಲೈಬ್ರರಿ ಡಿಫ್‌ಲಿಬ್ ಬಗ್ಗೆ ಕೇಳೋಕೆ ಮುಂಚೆ ಹೇಳ್ತೀನಿ, ನಿಧಾನ, ಮತ್ತೆ ಎರಡು ಪದದ ಜಾಗ ಅದಲುಬದಲು ಮಾಡಿದ್ರೆ ಅಂಕ ಬದಲಾಗಬಹುದು. ಆಟಕ್ಕೆ ಸರಿ.

ಬಯಲುಮಾತು

ಮೂರುಮೂರು ಅವರ, ನನಗ ಆ ಕಸಾನ ಬೇಕಾಗೇತ್ರಿ 🙂 ಆಡುಮಾತಿನ ರೂಪ ಹುಡುಕಬೇಕಾದ್ರ ಮಾಡ್ತೀನಿ ಹತ್ರ ಮಾಡ್ತೀವಿ, ಮಾಡ್ತೇನಿ ಎಲ್ಲಾ ಬರ್ಲಿ, ನಾ ಕೈಲೆ ಆರಿಸ್ಕೋತೀನಿ. ಬಿಟ್ಟು ಹೋಗೂದು ನನಗ ನಷ್ಟ, ಹೆಚ್ಚಿಗಿ ಬರೂದು ಬರೇ ಬ್ಯಾಸರಾ.

ಮೂರುಮೂರು

ಅದೂ ನಿಜ ಸರ್. ಕೊನೆಗೆ ಕೈಲಿ ನೋಡೋರು ಇದ್ದಾರೋ ಇಲ್ವೋ ಅನ್ನೋದ್ರ ಮೇಲೆ ಹೋಗತ್ತೆ. ಪದಗುಡ್ಡೆಯವರಿಗೆ ತಾನಾಗೇ ಗುಂಪು ಆಗ್ಬೇಕು ಅಂದ್ರೆ ತಪ್ಪು ಜೋಡಿ ಬರ್ಲೇಬಾರದು, ನಿಮಗೆ ಸರಿ ಜೋಡಿ ಬಿಟ್ಟುಹೋಗ್ಬಾರದು.

ಕುತೂಹಲಿ

ಹೊಸಬ, ತಪ್ಪಿದ್ರೆ ಕ್ಷಮಿಸಿ. ಫಾಸ್ಟ್‌ಟೆಕ್ಸ್ಟ್ ವೆಕ್ಟರ್ (ಪ್ರತಿ ಪದನೂ ಅಂಕಿಗಳ ಸಾಲಾಗಿ ಮಾಡಿಟ್ಟದ್ದು) ಇರೋವಾಗ ಇಷ್ಟೆಲ್ಲಾ ಯಾಕೆ? ಕನ್ನಡಕ್ಕೂ ಸಿದ್ಧ ವೆಕ್ಟರ್ ಸಿಗತ್ತಲ್ಲ, ಹತ್ತಿರದ ಪದ ಕೇಳಿದ್ರೆ ತಾನೇ ಕೊಡತ್ತೆ.

ಹಳೆಬೇರು

ಹತ್ತಿರ ಅನ್ನೋದು ಯಾವ ಲೆಕ್ಕದಲ್ಲಿ ಅನ್ನೋದೇ ಪ್ರಶ್ನೆ. ಅದು ಪದ ಯಾವ ಪದಗಳ ಸಹವಾಸದಲ್ಲಿ ಬರತ್ತೆ ಅಂತ ನೋಡಿ ಕಲಿತದ್ದು. ಒಳ್ಳೆಯ, ಕೆಟ್ಟ ಎರಡೂ ಒಂದೇ ಥರದ ವಾಕ್ಯದಲ್ಲಿ ಬರೋದ್ರಿಂದ ಅಲ್ಲಿ ಅವು ಅಕ್ಕಪಕ್ಕದ ಮನೆ. ಕಾಗುಣಿತ ಹುಡುಕೋರಿಗೆ ಅದು ಉಪಯೋಗ ಇಲ್ಲ.

ಆದ್ರೂ ನಿಮ್ಮ ಪ್ರಶ್ನೆನ ತಳ್ಳಿಹಾಕೋ ಹಂಗಿಲ್ಲ, ಯಾಕೆ ಅಂದ್ರೆ ಇಲ್ಲಿವರೆಗೂ ಯಾರೂ ಉತ್ತರ ಕೊಡದ ಒಂದು ತೊಡಕಿಗೆ ಅದು ಔಷಧ. ಬಿಡು ಬೀಡು ಜೋಡಿಗೂ ಸ್ತ್ರೀ ಸ್ತ್ರಿ ಜೋಡಿಗೂ ನೀವು ಎಂಥ ಬೆಲೆಪಟ್ಟಿ ಮಾಡಿದ್ರೂ ಒಂದೇ ದೂರ ಬರತ್ತೆ, ಎರಡರಲ್ಲೂ ಬದಲಾಗಿರೋದು ಇ ಮತ್ತು ಈ. ಪದದ ಒಳಗೆ ಎಷ್ಟು ಕೆದಕಿದ್ರೂ ವ್ಯತ್ಯಾಸ ಸಿಗಲ್ಲ, ಹೊರಗೆ ನೋಡ್ಬೇಕು. ಸ್ತ್ರೀ ಬರೋ ವಾಕ್ಯ, ಸ್ತ್ರಿ ಬರೋ ವಾಕ್ಯ ಒಂದೇ ಥರ ಇರತ್ತೆ. ಬಿಡು ಬರೋ ಜಾಗದಲ್ಲಿ ಬೀಡು ಬರಲ್ಲ. ಹಾಗಾಗಿ ಕಾಗುಣಿತದ ದೂರ ಕಡಿಮೆ, ಜೊತೆಗೆ ವೆಕ್ಟರ್ ದೂರನೂ ಕಡಿಮೆ, ಎರಡೂ ಕೂಡಿದ್ರೆ ಮಾತ್ರ ಒಂದೇ ಪದ ಅನ್ನಿ. ಫಾಸ್ಟ್‌ಟೆಕ್ಸ್ಟ್ ಪದದ ಒಳಗಿನ ತುಂಡುಗಳನ್ನೂ ನೋಡೋದ್ರಿಂದ ಅಪರೂಪದ ರೂಪಕ್ಕೂ ಒಂದು ವೆಕ್ಟರ್ ಕೊಡತ್ತೆ, ಆದ್ರೆ ಅದೇ ಕಾರಣಕ್ಕೆ ಕಾಗುಣಿತ ಹತ್ತಿರ ಇದ್ದದ್ದನ್ನ ಸ್ವಲ್ಪ ತನ್ನಷ್ಟಕ್ಕೇ ಹತ್ತಿರ ಎಳೆಯತ್ತೆ, ಅದು ನೆನಪಿರಲಿ.

ಅಷ್ಟು ದೂರ ಹೋಗೋದು ಬೇಡ ಅಂದ್ರೆ ಎಣಿಕೆ ಇದ್ಯಲ್ಲ ನಿಮ್ಮ ಹತ್ರ. ಎರಡೂ ರೂಪ ಪಟ್ಟಿಲಿ ಧಾರಾಳವಾಗಿ ಬಂದಿದ್ರೆ ಬೇರೆ ಪದ ಇರಬಹುದು ಅಂತ ಅನುಮಾನ ಪಡಿ, ಒಂದು ಬಹಳ ಸಲ ಇನ್ನೊಂದು ಅಪರೂಪ ಅಂದ್ರೆ ಅಪರೂಪದ್ದು ಅದರ ರೂಪಭೇದ ಇರಬಹುದು.

ದೀರ್ಘದ ವಿಷಯದಲ್ಲಿ ಜಾಗನೂ ನೋಡಿ. ಮೊದಲ ಅಕ್ಷರದಲ್ಲಿ ಹ್ರಸ್ವ ದೀರ್ಘ ಬದಲಾದ್ರೆ ಪದನೇ ಬೇರೆ ಆಗೋದು ಸಾಮಾನ್ಯ, ಕರು ಕಾರು, ಬಿಡು ಬೀಡು. ಕೊನೇ ಅಕ್ಷರದಲ್ಲಿ ಬದಲಾದ್ರೆ ಅದು ತಪ್ಪೂ ಅಲ್ಲದೇ ಇರಬಹುದು, ಅವನು ಮತ್ತು ಅವನೂ, ಮನೆ ಮತ್ತು ಮನೇ, ಆ ದೀರ್ಘಕ್ಕೆ ಅರ್ಥ ಇದೆ. ಮೂರುಮೂರು ಅವರು ಮನೇ ಅನ್ನೋದನ್ನ ಬರೀ ದೀರ್ಘದ ವ್ಯತ್ಯಾಸ ಅಂದ್ರು, ನಾನು ಅದನ್ನ ಪೂರ್ತಿ ಒಪ್ಪಲ್ಲ. ನಡುವಿನ ಅಕ್ಷರದ ದೀರ್ಘಕ್ಕೆ ಕಡಿಮೆ ಬೆಲೆ ಇಟ್ಟು, ಮೊದಲಿಗೂ ಕೊನೆಗೂ ಜಾಸ್ತಿ ಇಡಿ.

ಪದಗುಡ್ಡೆ

ಎಲ್ರೂ ಹೇಳಿದ್ದನ್ನ ಸೇರಿಸಿ ಒಂದು ಸುತ್ತು ಓಡಿಸಿದೆ. ಎನ್‌ಎಫ್‌ಸಿ, ಜಾಯಿನರ್ ಕೀಳೋದು, ಅಂಕಿ ಸೊನ್ನೆ ತಿದ್ದೋದು, ಆಮೇಲೆ ಧ್ವನಿ ರೂಪ, ಮೃದು ಕೀಲಿ. ಬರೀ ಇಷ್ಟಕ್ಕೇ ಋಷಿ ರುಷಿ, ಸಂಸ್ಕೃತಿ ಸಂಸ್ಕ್ರುತಿ, ಸಂಪತ್ತು ಸಮ್ಪತ್ತು ಎಲ್ಲಾ ಗುಂಪಾಗ್ಬಿಡ್ತು, ದೂರ ಅಳೆಯೋ ಕೆಲಸನೇ ಬರ್ಲಿಲ್ಲ. ಸಂಸ್ಕ್ರತಿ ಮಾತ್ರ ಹೊರಗೆ ಉಳೀತು, ಅದು ಕೀಲಿ ಮೇಲೆ ಒಂದು ಹೆಜ್ಜೆ ದೂರ, ಸಿಮ್‌ಸ್ಪೆಲ್ ಹಿಡೀತು. ಒರಟು ಕೀಲಿಲಿ ಲ ಳ, ನ ಣ ಮಡಚಿದೆ, ಆದ್ರೆ ಟೈಪ್ ಮಾಡಿದ ಮೂಲದ ಪದಕ್ಕೆ ಮಾತ್ರ. ಓಸಿಆರ್‌ಗೆ ಕೀಲಿಮಣೆ ಕೊಟ್ಟ ಕಣ್ಣಿನ ಪಟ್ಟಿ. ಒರಟು ಗುಂಪಿನ ಒಳಗೆ ಬೆಲೆ ಕಟ್ಟಿದ ದೂರ ಮತ್ತೆ ಎಣಿಕೆ ನೋಡಿ ಬೇರೆ ಮಾಡ್ತಿದೀನಿ, ಅಲ್ಲಿ ಇನ್ನೂ ಕೈ ಹಾಕ್ಬೇಕು. ಹಲ್ಲಿ ಹಳ್ಳಿ ಎರಡೂ ಎಣಿಕೆ ಜಾಸ್ತಿ ಇರೋದ್ರಿಂದ ಬೇರೆಯಾಗೇ ಉಳೀತು, ಆದ್ರೆ ಅಪರೂಪದ ನಿಜ ಪದಗಳು ಹತ್ತಿರದ ದೊಡ್ಡ ಪದಕ್ಕೆ ಅಂಟಿಕೊಳ್ತಿವೆ. ವೆಕ್ಟರ್ ಅಲ್ಲಿಗೇ ಹಾಕಿ ನೋಡ್ತೀನಿ.

ಕೀಲಿಮಣೆ

ಅಪರೂಪದ ಪದಕ್ಕೆ ಒಂದು ನಿಘಂಟಿನ ಪಟ್ಟಿ ಪಕ್ಕದಲ್ಲಿಟ್ಕೊಳಿ, ಅದ್ರಲ್ಲಿ ಇದ್ದದ್ದನ್ನ ಯಾವ ಗುಂಪಿಗೂ ಸೇರಿಸಬೇಡಿ. ಅದು ವೆಕ್ಟರ್‌ಗಿಂತ ಸುಲಭ.

ಪದಗುಡ್ಡೆ

ಸರಿ ಮಾಡ್ತೀನಿ. ಕೊನೇದಾಗಿ, ಫ಼, ಜ಼ ಅಂತ ಕೆಳಗೆ ನುಕ್ತದ ಚುಕ್ಕಿ ಹಾಕಿರೋ ಪದ ಇದೆ ಒಂದಷ್ಟು, ಅದನ್ನ ಏನ್ಮಾಡ್ಲಿ?

ಹಳೆಬೇರು

ಕೀಲಿಲಿ ಅಳಿಸಿ, ಪಟ್ಟಿಲಿ ಹಾಗೇ ಬಿಡಿ. ಜ಼ ಮತ್ತು ಜ ಬೇರೆ ಅಂತ ಬರೆದೋರಿಗೆ ಗೊತ್ತಿತ್ತು, ಅದನ್ನ ಕಳ್ಕೋಬೇಡಿ.